ಕುತ್ತಿಗೆ ನೋವು, ಚೀನೀ ಸೂಜಿ ಮತ್ತು ನಮ್ಮ ಮೆಟ್ಟುಗತ್ತಿಯ ಮಣೆ

ಬೆಳೆಯ ರೋಗಗಳ ಬಗ್ಗೆ ಈ ಪತ್ರಿಕೆಯಲ್ಲಿ ನಾವು ಬರೆಯದ ಸಂಚಿಕೆಯಿಲ್ಲ. ಅಡಿಕೆಯ ಕೊಳೆರೋಗ, ಎಲೆಚುಕ್ಕಿ, ಕಾಫಿಯ ಕಾಂಡಕೊರಕ, ಇವುಗಳಿಗೆ ಔಷಧಿಯ ಪ್ರಮಾಣ ಕೇಳಿ ಸಂಘದ ಕಛೇರಿಗೆ ಬರುವವರಿಗೂ ಕೊರತೆಯಿಲ್ಲ. ಆದರೆ ಹಾಗೆ ಕೇಳಲು ಬಂದವರಲ್ಲಿ ಎಷ್ಟೋ ಜನ ಕುರ್ಚಿಯಲ್ಲಿ ಕುಳಿತ ಮೇಲೆ ಒಂದು ಕೈಯಿಂದ ಕತ್ತನ್ನು ಒತ್ತಿಕೊಳ್ಳುತ್ತಲೇ ಮಾತಾಡುತ್ತಾರೆ. ಅದಕ್ಕೆ ಮದ್ದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ವಯಸ್ಸಾಯಿತು, ಕೆಲಸ ಮಾಡಿದ ಮೈ, ನೋವಿರುವುದೇ ಸರಿ ಎಂದುಕೊಂಡುಬಿಟ್ಟಿದ್ದೇವೆ. ನಾವೂ ಹಾಗೆಯೇ ಅಂದುಕೊಂಡಿದ್ದೆವು, ಕಳೆದ ಮಾರ್ಚ್ ತಿಂಗಳವರೆಗೆ.

ಮಾರ್ಚ್ ಎಂದರೆ ಸಂಘದ ಲೆಕ್ಕಪತ್ರ ಮುಗಿಸುವ ಕಾಲ. ಹದಿನೈದು ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಖಾತೆ ಪುಸ್ತಕ, ಗಣಕಯಂತ್ರ, ಅದು ಸಾಲದ್ದಕ್ಕೆ ಮೊಬೈಲು. ಮೂವತ್ತೊಂದನೆಯ ತಾರೀಖು ಬೆಳಿಗ್ಗೆ ಎದ್ದಾಗ ಕತ್ತು ಎಡಕ್ಕೆ ತಿರುಗಲೊಲ್ಲದು. ಮನೆಯವರು ಬಿಸಿ ಉಪ್ಪಿನ ಗಂಟು ಕೊಟ್ಟರು, ಎಣ್ಣೆ ಹಚ್ಚಿದರು. ಮೂರು ದಿನಕ್ಕೆ ಅಷ್ಟಿಷ್ಟು ಸಡಿಲವಾಯಿತಾದರೂ ಎರಡು ಹೆಗಲ ಹಲಗೆಗಳ ನಡುವೆ ಮೊಳೆ ಹೊಡೆದಂತಹ ನೋವು ಹೋಗಲಿಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ನಮ್ಮ ಮೊಮ್ಮಗನ ನಾಮಕರಣ. ಆ ಬಿಸಿಲಿಗೆ ಕೊಪ್ಪದ ಕಡೆಯವರು ಹೋಗುವುದೆಂದರೆ ಒಲೆಯೊಳಗೆ ಹೋದಂತೆಯೇ. ಆದರೂ ಹೋಗಲೇಬೇಕಲ್ಲ, ಹೋದೆವು.

ಬೀಗರ ಹೊಲಿಗೆ ಮನೆಯಲ್ಲಿ

ನಮ್ಮ ಬೀಗರದು ಬಳ್ಳಾರಿ ನಗರದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಘಟಕ. ಬಳ್ಳಾರಿ ಎಂದರೆ ಗುಡ್ಡದ ಕೋಟೆ ಮತ್ತು ಗಣಿ ಎಂದಷ್ಟೇ ತಿಳಿದವರಿಗೆ ಈ ಮಾತು ಹೊಸದಿರಬಹುದು. ಆ ಊರಿನ ಎಷ್ಟೋ ಓಣಿಗಳಲ್ಲಿ ಬೆಳಗಾದರೆ ಕೇಳುವುದು ಹೊಲಿಗೆ ಯಂತ್ರದ ಸದ್ದೇ. ಅಲ್ಲಿ ಹೊಲಿದ ಪ್ಯಾಂಟು ದೇಶದ ಎಲ್ಲ ಕಡೆ ಮಾರಾಟವಾಗುತ್ತದೆ. ದಪ್ಪ ಬಟ್ಟೆ, ಎರಡೆರಡು ಹೊಲಿಗೆ, ಕಣ್ಣು ಸೂಜಿಯ ಮೇಲೆಯೇ ಇರಬೇಕು. ದರ್ಜಿಗಳು ಹತ್ತು ಗಂಟೆಯ ಕಾಲ ಗದ್ದ ಎದೆಗೆ ತಾಗುವ ಹಾಗೆ ಬಗ್ಗಿ ಕೂತಿರುತ್ತಾರೆ.

ನಾವು ಕತ್ತು ಹಿಡಿದುಕೊಂಡು ಕಾರಿಳಿದದ್ದನ್ನು ಕಂಡ ಬೀಗರು ನಕ್ಕು, "ಏನ್ರಿ ಬೀಗ್ರ, ನೀವೂ ನಮ್ಮ ದರ್ಜಿಗಳ ಸಂಘ ಸೇರಿದ್ರೇನು?" ಎಂದರು. ಅವರ ಕೆಲಸಗಾರರಲ್ಲಿ ಆರೇಳು ಜನ ಊರಿನ ಒಬ್ಬ ಪ್ರಕೃತಿ ಚಿಕಿತ್ಸೆಯ ಡಾಕ್ಟರಮ್ಮನಲ್ಲಿಗೆ ಹೋಗಿ ಚೀನಾದ ಸೂಜಿ ಹಾಕಿಸಿಕೊಂಡು ಬಂದಿದ್ದರಂತೆ. ಬಿ.ಎಸ್ಸಿ. ಓದಿದ ನಮಗೆ ಸೂಜಿಯಿಂದ ನೋವು ಹೋಗುವುದೆಂದರೆ ನಂಬಿಕೆಗಿಂತ ಅನುಮಾನವೇ ಹೆಚ್ಚು. ಆದರೆ ನೋವು ನಮ್ಮದೇ ಕತ್ತಿನಲ್ಲಿದ್ದಾಗ ಅನುಮಾನ ಬಹಳ ಹೊತ್ತು ನಿಲ್ಲುವುದಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕೂತಾಗ ಕತ್ತಿನ ಎಲುಬುಗಳು ಅದನ್ನು ಕಂಬದ ಮೇಲಿನ ಕೊಡದಂತೆ ಹೊತ್ತಿರುತ್ತವೆ. ತಲೆ ಮುಂದಕ್ಕೆ ಬಾಗಿದಂತೆ ಅದು ಕೆಳಗೆ ಬೀಳದ ಹಾಗೆ ಹಿಂದಿನ ಸ್ನಾಯುಗಳು ಜಗ್ಗಿ ಹಿಡಿಯಬೇಕಾಗುತ್ತದೆ. 2014ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಹನ್ಸರಾಜ್ ಎಂಬುವರು ಮಾಡಿದ ಅಂದಾಜಿನ ಪ್ರಕಾರ ತಲೆ 15 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಭಾರ 12 ಕಿಲೋ, 30 ಡಿಗ್ರಿಗೆ 18, 60 ಡಿಗ್ರಿಗೆ 27 ಕಿಲೋ. ಅಂದರೆ ಅರ್ಧ ಮೂಟೆ ಕಾಫಿಗಿಂತ ಹೆಚ್ಚು. ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರು ತಲೆಯನ್ನು ಎಷ್ಟು ಡಿಗ್ರಿ ಬಗ್ಗಿಸಿರುತ್ತಾರೆ ಎಂಬುದನ್ನು ಸದಸ್ಯರು ತಮ್ಮ ಮನೆಯಂಗಳದಲ್ಲೇ ನೋಡಬಹುದು.

ಸೋಲಾಪುರದ ಡಾಕ್ಟರು, ಕಲ್ಕತ್ತೆಯ ಸೂಜಿ

ಡಾಕ್ಟರಮ್ಮನ ಚಿಕಿತ್ಸಾಲಯದ ಗೋಡೆಯ ಮೇಲೆ ಒಬ್ಬ ಯುವಕನ ಭಾವಚಿತ್ರವಿತ್ತು. ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರದು. ನಮ್ಮ ತಲೆಮಾರಿನವರಿಗೆ ವಿ. ಶಾಂತಾರಾಮರು 1946ರಲ್ಲಿ ತೆಗೆದ ಚಲನಚಿತ್ರದಿಂದ ಆ ಹೆಸರು ಗೊತ್ತಿರಬಹುದು. ಕನ್ನಡವೂ ಕೇಳಿಬರುವ ಆ ಗಡಿ ಊರಿನಲ್ಲಿ 1910ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ವೈದ್ಯ ಓದಿದವರು. ಜಪಾನು ಚೀನಾದ ಮೇಲೆ ಬಿದ್ದಾಗ ಕಾಂಗ್ರೆಸ್ಸು 1938ರಲ್ಲಿ ಕಳಿಸಿದ ಐದು ಮಂದಿ ವೈದ್ಯರಲ್ಲಿ ಒಬ್ಬರಾಗಿ ಹೋದರು. ಉಳಿದ ನಾಲ್ವರು ಮರಳಿ ಬಂದರು. ಕೋಟ್ನೀಸರು ಅಲ್ಲಿನ ಸೈನ್ಯದ ಆಸ್ಪತ್ರೆಯಲ್ಲೇ ದುಡಿದು, ಅಲ್ಲಿಯ ದಾದಿ ಗುವೊ ಚಿಂಗ್‌ಲಾನ್ ಎಂಬುವರನ್ನು ಮದುವೆಯಾಗಿ, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿಗೆ ತೀರಿಕೊಂಡರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಸೂಜಿಯ ಕಥೆ ಅವರ ಜೊತೆಗೆ ಹೋಗಿದ್ದ ಬಂಗಾಳದ ಡಾ. ಬಿಜಯ ಕುಮಾರ ಬಸು ಅವರದು. ಅವರು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು, 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಭಾರತದಲ್ಲಿ ಈ ಪದ್ಧತಿ ಬೇರೂರಿದ್ದು ಹೀಗೆ. ಲೂಧಿಯಾನಾದಲ್ಲಿ ಕೋಟ್ನೀಸರ ಹೆಸರಿನಲ್ಲೇ ಒಂದು ಅಕ್ಯುಪಂಕ್ಚರ್ ಆಸ್ಪತ್ರೆ ಇದೆ. ಕೇಂದ್ರ ಆರೋಗ್ಯ ಸಚಿವಾಲಯವು 2019ರಲ್ಲಿ ಇದನ್ನು ಒಂದು ಸ್ವತಂತ್ರ ಚಿಕಿತ್ಸಾ ಕ್ರಮವೆಂದು ಮಾನ್ಯ ಮಾಡಿತು. ನಮ್ಮ ರಾಜ್ಯದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಐದೂವರೆ ವರ್ಷದ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಾಠವಾಗಿದೆ. ಆ ಪದವಿಗಾಗಿ 1989ರಲ್ಲಿ ಆರಂಭವಾದ ಉಜಿರೆಯ ಕಾಲೇಜು ನಮ್ಮ ಕಡೆಯವರಿಗೆ ದೂರವೇನಲ್ಲ. ಘಟ್ಟ ಇಳಿದರೆ ಆಯಿತು.

ಚೀನಿಯರ ವಿವರಣೆ ಕೇಳಲು ಚೆನ್ನಾಗಿದೆ. ದೇಹದಲ್ಲಿ 'ಚಿ' ಎಂಬ ಶಕ್ತಿ ಕಾಲುವೆಗಳಲ್ಲಿ ಹರಿಯುತ್ತದೆ, ಹರಿವು ಕಟ್ಟಿಕೊಂಡಲ್ಲಿ ನೋವು ಹುಟ್ಟುತ್ತದೆ, ಸೂಜಿಯಿಂದಲೋ ಬೆರಳ ಒತ್ತಿನಿಂದಲೋ ಕಾವಿನಿಂದಲೋ ತಡೆಯನ್ನು ಬಿಡಿಸಬೇಕು ಎನ್ನುತ್ತಾರೆ. ತುಂಗಭದ್ರಾ ಕಾಲುವೆಯ ತೂಬು ಎತ್ತಿದರೆ ಗದ್ದೆಗೆ ನೀರು ಬರುವುದನ್ನು ದಿನವೂ ನೋಡುವ ಸಿರುಗುಪ್ಪದವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ. ಆದರೆ ದೇಹ ಕೊಯ್ದು ನೋಡಿದವರಿಗೆ ಇಂತಹ ಕಾಲುವೆ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು. ಚುಚ್ಚಿದಾಗ ನರಗಳ ಮೂಲಕ ಮಿದುಳಿಗೆ ಸುದ್ದಿ ಹೋಗಿ, ದೇಹವೇ ತಯಾರಿಸುವ ನೋವುಶಾಮಕ ವಸ್ತುಗಳು ಬಿಡುಗಡೆಯಾಗುತ್ತವೆ ಎಂಬುದು 1970ರ ದಶಕದಿಂದೀಚೆಗೆ ವಿಜ್ಞಾನಿಗಳು ಕೊಟ್ಟಿರುವ ವಿವರಣೆ. ಇಂಗ್ಲೆಂಡಿನಲ್ಲಿ ಬಹುಕಾಲದ ಕತ್ತುನೋವಿನ 517 ರೋಗಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಮಾಮೂಲು ಚಿಕಿತ್ಸೆಯ ಜೊತೆಗೆ 12 ಸಲ ಸೂಜಿ ಹಾಕಿಸಿಕೊಂಡವರಿಗೆ ವರ್ಷದ ನಂತರವೂ ಬರೀ ಮಾಮೂಲು ಚಿಕಿತ್ಸೆಯವರಿಗಿಂತ ನೋವು ಕಡಿಮೆಯಿತ್ತು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಗುಂಪಿಗೆ ಸೂಜಿಯೇ ಇಲ್ಲ; ಕೂರುವ ನಿಲ್ಲುವ ರೀತಿಯನ್ನು ತಿದ್ದುವ ಅಲೆಗ್ಸಾಂಡರ್ ಪದ್ಧತಿಯ ಪಾಠ ಹೇಳಿದ್ದರು. ಅವರಿಗೂ ಹೆಚ್ಚುಕಡಿಮೆ ಅಷ್ಟೇ ಗುಣವಾಯಿತು! ಈ ಎರಡನೆಯ ಫಲಿತಾಂಶವನ್ನು ಸೂಜಿ ವೈದ್ಯರು ಸಾಮಾನ್ಯವಾಗಿ ಹೇಳುವುದಿಲ್ಲ. ನಮ್ಮ ಡಾಕ್ಟರಮ್ಮ ಹೇಳಿದರು. ಅವರ ಮೇಲೆ ನಮಗೆ ವಿಶ್ವಾಸ ಹುಟ್ಟಿದ್ದು ಆಗಲೇ.

ಸೂಜಿಗೆ ಮೊದಲು ಕೇಳಿದ ಪ್ರಶ್ನೆಗಳು

ನಾವು ಮೇಜಿನ ಮೇಲೆ ಬೋರಲು ಮಲಗಲು ಸಿದ್ಧರಾಗಿದ್ದೆವು. ಅವರು ಕುರ್ಚಿ ತೋರಿಸಿ, "ಮೊದಲು ಕೂತ್ಕೊಳ್ಳಿ ಅಂಕಲ್" ಎಂದು ಪ್ರಶ್ನೆಗಳನ್ನು ಆರಂಭಿಸಿದರು. ಕೈ ಜೋಮು ಹಿಡಿಯುತ್ತದೆಯೆ? ಅಂಗಿಯ ಗುಂಡಿ ಹಾಕಿಕೊಳ್ಳಲು ಕಷ್ಟವೆ? ಲೋಟ, ಪೆನ್ನು ಕೈಯಿಂದ ಜಾರುತ್ತದೆಯೆ? ನಡೆಯುವಾಗ ಕಾಲು ತೊಡರುತ್ತದೆಯೆ, ಕತ್ತಲಲ್ಲಿ ಗೋಡೆ ಹಿಡಿಯಬೇಕಾಗುತ್ತದೆಯೆ? ಮೂತ್ರದ ತೊಂದರೆ? ರಾತ್ರಿ ಮಲಗಿದರೂ ನಿಲ್ಲದ ನೋವು, ಜ್ವರ, ತೂಕ ಇಳಿದದ್ದು? ಆಮೇಲೆ ಕೈ ಚಾಚಿ ಮುಷ್ಟಿ ಮುಚ್ಚಿ ತೆರೆಯಲು ಹೇಳಿ ಗಡಿಯಾರ ನೋಡಿದರು. ಹತ್ತು ಸೆಕೆಂಡಿಗೆ ಇಪ್ಪತ್ತು ಸಲವಾದರೂ ಆಗಬೇಕಂತೆ, ನಮಗೆ ಇಪ್ಪತ್ತಾರಾಯಿತು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆಸಿದರು. ಕತ್ತು ನೋವಿಗೆ ಬಂದವನನ್ನು ಸರ್ಕಸ್ಸಿಗೆ ಸೇರಿಸುತ್ತಿದ್ದಾರಲ್ಲ ಎಂದು ನಮಗೆ ಒಳಗೇ ಅಸಮಾಧಾನ.

ಅವರು ಕೊಟ್ಟ ಕಾರಣ ಇದು. ಕತ್ತುನೋವು ಬಹುಪಾಲು ಸ್ನಾಯುವಿನದು. ಅದಕ್ಕೆ ಸೂಜಿ, ಒತ್ತು, ಕಾವು ಎಲ್ಲವೂ ನಡೆಯುತ್ತವೆ. ಕೆಲವರಲ್ಲಿ ಸವೆದ ಎಲುಬಿನ ಅಂಚು ಅಥವಾ ಜಾರಿದ ಬಿಲ್ಲೆ ಬೆನ್ನುಹುರಿಯನ್ನೇ ಅಮುಕುತ್ತಿರುತ್ತದೆ. ಅಂತಹವರಿಗೆ ಕತ್ತಿನಲ್ಲಿ ನೋವೇ ಇಲ್ಲದಿರಬಹುದು. ಕೈ ನಿಧಾನವಾಗುತ್ತದೆ, ಕಾಲು ಭಾರವಾಗುತ್ತದೆ. ಅದನ್ನು ಸೂಜಿ ಬಿಡಿಸಲಾರದು. ಸೂಜಿ ಹಾಕಿಸಿಕೊಳ್ಳುತ್ತಾ ತಿಂಗಳುಗಳನ್ನು ಕಳೆದರೆ ಹೋದ ಶಕ್ತಿ ಮರಳಿ ಬರುವುದಿಲ್ಲ. ಅಂತಹ ಕತ್ತನ್ನು ಯಾರಾದರೂ 'ಲಟಕ್' ಎನ್ನಿಸಲು ಹೋದರೆ ಅನಾಹುತ.

ನಮ್ಮದು ಸ್ನಾಯುವಿನ ನೋವೆಂದು ಖಚಿತವಾದ ಮೇಲೆ ಕೂದಲಿನಷ್ಟು ತೆಳ್ಳನೆಯ ಎಂಟು ಸೂಜಿ ಹಾಕಿದರು. ಪ್ರತಿಯೊಂದನ್ನೂ ನಮ್ಮೆದುರೇ ಹೊಸ ಪೊಟ್ಟಣದಿಂದ ತೆಗೆದರು, ಮುಗಿದ ಮೇಲೆ ಬಿಸಾಡಿದರು. ಚುಚ್ಚಿದ್ದು ಇರುವೆ ಕಚ್ಚಿದಷ್ಟು. ಆಮೇಲೆ ಭಾರವಾದ ಒಂದು ಜುಮ್ಮು. ಮೊದಲ ದಿನ ಹೆಚ್ಚೇನೂ ಅನ್ನಿಸಲಿಲ್ಲ. ಮೂರನೆಯ ದಿನ ಕಾರು ಹಿಂದೆ ತೆಗೆಯುವಾಗ ತಿರುಗಿ ನೋಡಿದೆವು, ನೋಡಿದ ಮೇಲೆ ತಿರುಗಿದೆವಲ್ಲ ಎಂದು ತಿಳಿಯಿತು.

ಕುರುಗೋಡಿನಿಂದ ಸಿರುಗುಪ್ಪಕ್ಕೆ

ಚಿಕಿತ್ಸೆಯ ನಡುವೆ ಸಿಕ್ಕ ಬಿಡುವಿನ ಒಂದು ದಿನ ಮನೆಯವರನ್ನೂ ಕರೆದುಕೊಂಡು ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪಕ್ಕೆ ಹೊರಟೆವು. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ದರ್ಶನವಾಗಬೇಕಿತ್ತು. ಸಿರುಗುಪ್ಪದ ಬಳಿಯ ಒಂದು ಹಳ್ಳಿಯಲ್ಲಿ ಬೇರೆ ಕೆಲಸವಿತ್ತು. ಪ್ರತಿ ವರ್ಷ ಡಿಸೆಂಬರಿನಲ್ಲಿ ನಮ್ಮ ಕಡೆ ಕಾಫಿ ಹಣ್ಣು ಕುಯ್ಯಲು ಬರುವ ಆಳುಗಳಲ್ಲಿ ಎಷ್ಟು ಜನ ಈ ಸೀಮೆಯವರೆಂಬುದು ಸದಸ್ಯರಿಗೆ ಗೊತ್ತಿದೆ. ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಟ್ಟರೆ ಕಡಿಮೆ ಜನ, ಬಿಡದಿದ್ದರೆ ಲಾರಿ ತುಂಬ ಜನ. ಮುಂದಿನ ಸಾಲಿನ ಮಾತನ್ನು ಮೇಸ್ತ್ರಿಯ ಹತ್ತಿರ ಈಗಲೇ ಆಡಿಟ್ಟುಕೊಳ್ಳೋಣ ಎಂಬ ಲೆಕ್ಕ ನಮ್ಮದು.

ಕುರುಗೋಡಿನ ಏಕಶಿಲೆಯ ಬಸವಣ್ಣ ಸಾವಿರಾರು ಕೈಗಳು ಮುಟ್ಟಿದರೂ ಕತ್ತೆತ್ತಿಯೇ ಕುಳಿತಿದ್ದಾನೆ. ಊರ ಹೊರಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಹಾಗಿರಲಿಲ್ಲ. ಕೆಂಪು ರಾಶಿಯ ಸುತ್ತ ನೆಲಕ್ಕೆ ಕೂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ತಲೆ ಮಡಿಲಿಗೆ ಇಳಿದಿತ್ತು. ಅವರು ಕೂತ ಬಗೆ ನೋಡಿ ನಮಗೆ ನಮ್ಮ ಅಡಿಕೆ ಚಪ್ಪರವೇ ನೆನಪಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಯ ಮುಂದೆ ಹಮಾಲರು ಮೂಟೆಯನ್ನು ಕತ್ತಿನ ಬುಡಕ್ಕೇ ಏರಿಸಿಕೊಂಡು ಓಡುತ್ತಿದ್ದರು. ನಾಟಿಯ ಕಾಲದಲ್ಲಿ ಇದೇ ಊರುಗಳ ಹೆಂಗಸರು ದಿನವಿಡೀ ಬಗ್ಗಿ ಸಸಿ ನೆಡುತ್ತಾರೆ. ಅದು ಮುಗಿದರೆ ಮೆಣಸಿನಕಾಯಿ, ಅದೂ ಮುಗಿದರೆ ನಮ್ಮ ಕಾಫಿ. ಒಂದೇ ಕತ್ತು, ಕೆಲಸ ಮಾತ್ರ ಬೇರೆ ಬೇರೆ.

ಮೇಸ್ತ್ರಿಯ ಮನೆಗೆ ಹೋದಾಗ ಒಂಬತ್ತು ವರ್ಷದಿಂದ ನಮ್ಮ ತೋಟಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಪಕ್ಕದ ಮನೆಯಿಂದ ನೋಡಲು ಬಂದಳು. ವಯಸ್ಸು ನಲವತ್ತೈದಿರಬಹುದು. ಒಂದು ಕಾಲಕ್ಕೆ ನಮ್ಮ ತೋಟದಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ಕುಯ್ಯುತ್ತಿದ್ದವಳು ಇವಳೇ. ಕಳೆದ ಎರಡು ಹಂಗಾಮಿನಲ್ಲಿ ಅವಳ ತೂಕ ಇಳಿಯುತ್ತಾ ಬಂದಿತ್ತು. ಕಿಲೋ ಲೆಕ್ಕದ ಕೂಲಿಯಾದ್ದರಿಂದ ಅವಳಿಗೆ ಸಿಕ್ಕಿದ್ದೂ ಕಡಿಮೆ. ನಮ್ಮ ರೈಟರು ಪುಸ್ತಕ ತೋರಿಸಿದಾಗ "ಅವಳ ಕೈ ಮೊದಲಿನ ಹಾಗೆ ಚುರುಕಿಲ್ಲ" ಎಂದು ನಾವು ಹೇಳಿದ್ದುಂಟು. ಬಿದ್ದ ಹಣ್ಣು ಹೆಕ್ಕದೆ ಹೋಗುತ್ತಾಳೆಂದು ಒಮ್ಮೆ ಗದರಿದ್ದೂ ಉಂಟು. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಚಹಾದ ಲೋಟವನ್ನು ಅವಳು ಎರಡೂ ಕೈಯಿಂದ ಹಿಡಿದು ತಂದಳು. ಆದರೂ ತುಳುಕಿತು. "ಏನಮ್ಮಾ, ಕೈಗೇನಾಯ್ತು?" ಎಂದೆವು. "ಏನೂ ಇಲ್ರಿ ಧಣೇರ, ವಸ್ತು ಕೈಯಾಗ ನಿಲ್ಲವಲ್ದು" ಎಂದು ನಕ್ಕು ಒಳಗೆ ಹೋದಳು. ಅಡಿಗೆ ಮನೆಯಲ್ಲಿ ಅವಳ ಸೊಸೆ ನಮ್ಮ ಮನೆಯವರ ಹತ್ತಿರ, ಅತ್ತೆಗೆ ರವಿಕೆಯ ಹುಕ್ಕು ಹಾಕಿಕೊಳ್ಳಲಾಗದೆ ಆರು ತಿಂಗಳಾಯಿತು, ತಾನೇ ಹಾಕುತ್ತೇನೆ, ರಾತ್ರಿ ಹಿತ್ತಲಿಗೆ ಹೋದರೆ ಗೋಡೆ ಹಿಡಿದು ನಡೆಯುತ್ತಾರೆ ಎಂದಳಂತೆ. ಕತ್ತು ಬಿಗಿಯಾಗಿದೆಯೆಂದು ಯಾರೋ ಉಳುಕು ತೆಗೆಯುವವರ ಹತ್ತಿರ ಎರಡು ಸಲ ತಿರುವಿಸಿಯೂ ಆಗಿತ್ತು. ಮನೆಯವರು ಹೊರಗೆ ಬಂದು ಮೆಲ್ಲಗೆ ಇಷ್ಟು ಹೇಳಿದಾಗ ಡಾಕ್ಟರಮ್ಮನ ಪ್ರಶ್ನೆಗಳು ಒಂದೊಂದಾಗಿ ನಮ್ಮ ಕಿವಿಯಲ್ಲಿ ಕೇಳಿಸಿದವು. ಮೂರು ದಿನದ ಹಿಂದೆ ನಮಗೆ ಸರ್ಕಸ್ಸೆನಿಸಿದ್ದ ಪ್ರಶ್ನೆಗಳು! ಅಂಗಳದಲ್ಲೇ ಅವಳನ್ನು ಕೂರಿಸಿ ಮುಷ್ಟಿ ಮುಚ್ಚಿ ತೆರೆಯಲು ಹೇಳಿದೆವು. ಹತ್ತು ಸೆಕೆಂಡಿಗೆ ಒಂಬತ್ತಾಯಿತು.

ಮಾರನೆಯ ದಿನ ಬೀಗರ ಕಾರು ಕಳಿಸಿ ಅವಳನ್ನೂ ಸೊಸೆಯನ್ನೂ ಬಳ್ಳಾರಿಗೆ ಕರೆಸಿದೆವು. ಡಾಕ್ಟರಮ್ಮ ಸೂಜಿಯ ಪೊಟ್ಟಣವನ್ನು ಮುಟ್ಟಲೇ ಇಲ್ಲ. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ ಚೀಟಿ ಬರೆದು ನೇರವಾಗಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಎಂ.ಆರ್.ಐ. ಚಿತ್ರದಲ್ಲಿ ಕತ್ತಿನ ಎರಡು ಕಡೆ ಬೆನ್ನುಹುರಿ ಅಮುಕಿಹೋಗಿತ್ತು. ಜೂನ್ ತಿಂಗಳಲ್ಲಿ ಶಸ್ತ್ರಕ್ರಿಯೆಯಾಯಿತು. ಹುರಿಯ ಮೇಲಿನ ಒತ್ತಡ ಬಿಡಿಸುವುದು, ಅಷ್ಟೇ. ಆಗಲೇ ಸತ್ತ ನರ ಬದುಕುವುದಿಲ್ಲ ಎಂದು ಶಸ್ತ್ರವೈದ್ಯರು ಮೊದಲೇ ಹೇಳಿದ್ದರು. ಈಗ ನಡಿಗೆ ಗಟ್ಟಿಯಾಗಿದೆ. ಹುಕ್ಕು ತಾನೇ ಹಾಕಿಕೊಳ್ಳುತ್ತಾಳೆ, ಹೊತ್ತು ಹಿಡಿಯುತ್ತದೆ. ಬಲಗೈಯ ಎರಡು ಬೆರಳು ಇನ್ನೂ ಜೋಮು. ಒಂದು ವರ್ಷ ಮುಂಚೆ ಬಂದಿದ್ದರೆ ಎಂದು ಅವರು ಹೇಳಿದ ಮಾತನ್ನು ನಾವು ಅವಳಿಗೆ ಹೇಳಿಲ್ಲ. ಆ ಒಂದು ವರ್ಷದ ಮೂರು ತಿಂಗಳು ಅವಳು ನಮ್ಮ ಕಣ್ಣೆದುರಿಗೇ ಇದ್ದಳು.

ಮನೆಯಲ್ಲಿ ಮಾಡಬಹುದಾದದ್ದು

ಇಂತಹ ಲಕ್ಷಣವಿಲ್ಲದ, ಬರೀ ಬಗ್ಗಿ ದುಡಿದು ಬಂದ ನೋವಿಗೆ ಚೀನೀ ಪದ್ಧತಿಯ ಕೆಲವು ಕ್ರಮಗಳನ್ನು ಸೂಜಿಯಿಲ್ಲದೆ ನಾವೇ ಮಾಡಿಕೊಳ್ಳಬಹುದು. ಡಾಕ್ಟರಮ್ಮ ಕಲಿಸಿದ್ದನ್ನು ನಾವು ವರ್ಷದಿಂದ ಮಾಡುತ್ತಿದ್ದೇವೆ.

ತಲೆಬುರುಡೆಯ ಹಿಂಭಾಗದ ಕೆಳಅಂಚಿನಲ್ಲಿ, ನಡುವಿನ ಗೆರೆಯ ಎರಡೂ ಪಕ್ಕ, ದಪ್ಪ ಸ್ನಾಯುವಿನ ಹೊರಗೆ ಒಂದೊಂದು ತಗ್ಗು ಸಿಗುತ್ತದೆ. ಅದರ ಚೀನೀ ಹೆಸರು ಫೆಂಗ್‌ಚಿ, ಅಂದರೆ ಗಾಳಿಯ ಕೊಳ. 'ಶೀತಗಾಳಿ ಹೊಡೆದು ಕತ್ತು ಹಿಡಿಯಿತು' ಎನ್ನುವ ನಮ್ಮ ಅಜ್ಜಿಯರಿಗೆ ಈ ಹೆಸರು ಒಪ್ಪಿಗೆಯಾಗುತ್ತಿತ್ತು. ಎರಡೂ ಹೆಬ್ಬೆರಳನ್ನು ಅಲ್ಲಿಟ್ಟು ಮೇಲ್ಮುಖವಾಗಿ, ಹಿತವಾಗಿ ನೋಯುವಷ್ಟು ಒತ್ತಿ ಒಂದು ನಿಮಿಷ ಉಸಿರಾಡಬೇಕು. ಕತ್ತಿನ ಬುಡಕ್ಕೂ ಹೆಗಲ ತುದಿಗೂ ಸರಿಮಧ್ಯದಲ್ಲಿರುವುದು ಜಿಯಾನ್‌ಜಿಂಗ್, ಹೆಗಲ ಬಾವಿ. ಇದನ್ನು ಎದುರು ಕೈಯ ಬೆರಳುಗಳಿಂದ ಹಿಂಡಬೇಕು. ಬಸುರಿಯರಿಗೆ ಈ ಜಾಗವನ್ನು ಒತ್ತಬಾರದೆಂಬ ನಿಯಮವಿದೆ, ಪಾಲಿಸಿರಿ. ಸೂಜಿಯಂತೂ ಇಲ್ಲಿ ಕಲಿತವರೇ ಹಾಕಬೇಕು. ಕೆಳಗೆ ಶ್ವಾಸಕೋಶದ ತುದಿ ಇದೆ, ಆಳವಾದರೆ ತೂತಾಗುತ್ತದೆ.

ಬೆಳಿಗ್ಗೆ ಏಳುವಾಗ ಹಿಡಿದ ಕತ್ತಿಗೆ ಚೀನೀ ಭಾಷೆಯಲ್ಲಿ 'ದಿಂಬಿನಿಂದ ಬಿದ್ದದ್ದು' ಎಂಬ ಅರ್ಥದ ಹೆಸರಿದೆ, ಲುವೊಝೆನ್. ಅದಕ್ಕೆ ಒತ್ತುವ ಜಾಗ ಕತ್ತಿನಲ್ಲಿಲ್ಲ, ಅಂಗೈಯ ಹಿಂಬದಿಯಲ್ಲಿದೆ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳ ಸ್ವಲ್ಪ ಹಿಂದೆ, ಎರಡು ಎಲುಬಿನ ನಡುವಿನ ತಗ್ಗು. ಅದನ್ನು ಒತ್ತಿ ಹಿಡಿದು ಕತ್ತನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಬೇಕು. ನೋವು ಬಂದಲ್ಲಿ ನಿಲ್ಲಿಸಬೇಕು, ಜಬರದಸ್ತು ಬೇಡ. ನಮ್ಮ ಅನುಭವದಲ್ಲಿ ಮೂರರಲ್ಲಿ ಇದೇ ಬೇಗ ಫಲ ಕೊಟ್ಟದ್ದು. ಕಾರಣ ಕೇಳಿದರೆ ನಮಗೂ ತಿಳಿಯದು.

ಕಾವಿನ ಬಗ್ಗೆ ಒಂದು ಮಾತು. ಚೀನಿಯರು ಒಣಗಿಸಿ ಉಂಡೆ ಕಟ್ಟಿ ಹೊತ್ತಿಸಿ ಚರ್ಮದ ಹತ್ತಿರ ಹಿಡಿಯುವ ಸೊಪ್ಪು ನಮ್ಮ ಮಾಚಿಪತ್ರೆಯ ಬಳಗದ್ದು. ಗಣೇಶನ ಪತ್ರೆಪೂಜೆಯಲ್ಲಿ ಮೊದಲು ಏರಿಸುವ ಎಲೆ! ದವನವೂ ಅದೇ ಕುಲ. ಹಾಗೆಂದು ಮನೆಯಲ್ಲಿ ಯಾರೂ ಸೊಪ್ಪು ಸುಟ್ಟು ಬೆನ್ನ ಮೇಲೆ ಹಿಡಿಯಬೇಡಿ, ಸಕ್ಕರೆ ಕಾಯಿಲೆಯವರಿಗಂತೂ ಸುಟ್ಟದ್ದೇ ತಿಳಿಯುವುದಿಲ್ಲ. ಉಪ್ಪಿನ ಗಂಟು ಸಾಕು. ಬಟ್ಟಲು ಹಚ್ಚುವ ಕ್ರಮವೂ ನಮಗೆ ಪೂರ್ತಿ ಹೊಸದಲ್ಲ. ಹೊಟ್ಟೆ ಸೆಳೆತಕ್ಕೆ ಹೊಕ್ಕುಳ ಮೇಲೆ ದೀಪವಿಟ್ಟು ತಂಬಿಗೆ ಬೋರಲು ಹಾಕುತ್ತಿದ್ದ ಮುದುಕಿಯರನ್ನು ನಾವು ಕಂಡಿದ್ದೇವೆ. ಅದರಿಂದ ಚರ್ಮದ ಮೇಲೆ ಉಳಿಯುವ ಕಂದು ಗುರುತು ವಾರದಲ್ಲಿ ಹೋಗುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದರ ತಂಟೆಗೆ ಹೋಗಬಾರದು.

ಇವೆಲ್ಲಕ್ಕಿಂತ ನಮಗೆ ಹೆಚ್ಚು ಪ್ರಯೋಜನವಾದದ್ದು ಬಾದುವಾನ್‌ಜಿನ್ ಎಂಬ ಎಂಟು ಬಗೆಯ ವ್ಯಾಯಾಮ. ಹೆಸರಿನ ಅರ್ಥ ಎಂಟು ತುಂಡು ಜರತಾರಿ ರೇಷ್ಮೆ. ಚೀನಾದ ಸೋಂಗ್ ರಾಜರ ಕಾಲದಿಂದ ಬಂದದ್ದು ಎನ್ನುತ್ತಾರೆ. ಮೊದಲನೆಯದು ಬೆರಳು ಹೆಣೆದ ಎರಡೂ ಅಂಗೈಯನ್ನು ತಲೆಯ ಮೇಲೆತ್ತಿ ಆಕಾಶವನ್ನು ಎತ್ತಿ ಹಿಡಿಯುವುದು. ಎರಡನೆಯದು ಕುದುರೆಯೇರಿದಂತೆ ಕಾಲಗಲಿಸಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಲ್ಲು ಎಳೆಯುವುದು. ಇದರಲ್ಲಿ ಹೆಗಲ ಹಲಗೆಗಳು ಒಂದಕ್ಕೊಂದು ಸೇರುವುದರಿಂದ ಮುಂದಕ್ಕೆ ಮುದುಡಿದ ಬೆನ್ನಿಗೆ ಇದೇ ಮದ್ದು. ನಾಲ್ಕನೆಯದು ಅಂಗೈ ಹೊರಳಿಸಿ ಹೆಗಲು ಬಿಚ್ಚಿ ನಿಧಾನವಾಗಿ ಹಿಂದಕ್ಕೆ ನೋಡುವುದು. ಐದು ಬಗೆಯ ದಣಿವು, ಏಳು ಬಗೆಯ ಪೆಟ್ಟು ಇದರಿಂದ ಹಿಂದೆ ಬೀಳುತ್ತವೆ ಎಂಬುದು ಅವರ ನಂಬಿಕೆ. ಈ ಮೂರಕ್ಕೆ ಐದೇ ನಿಮಿಷ ಸಾಕು. ಬೀಗರು ಈಗ ಹೊಲಿಗೆ ಮನೆಯಲ್ಲಿ ದಿನಕ್ಕೆ ಎರಡು ಸಲ ಯಂತ್ರ ನಿಲ್ಲಿಸಿ ದರ್ಜಿಗಳಿಂದ ಬಿಲ್ಲು ಎಳೆಸುತ್ತಾರೆ. ಮೊದಲ ವಾರ ನಗು, ಎರಡನೆಯ ವಾರದಿಂದ ಅವರೇ ಗಂಟೆ ನೋಡುತ್ತಿದ್ದರಂತೆ.

ಸಂಘದಲ್ಲಿ ಮಾಡಿದ್ದು

ಊರಿಗೆ ಬಂದ ಮೇಲೆ ಆಡಳಿತ ಮಂಡಳಿಯ ಮುಂದೆ ವಿಷಯವಿಟ್ಟೆವು. ವೈದ್ಯರ ಹತ್ತಿರ ಹೋಗಿ ಬಂದ ಕತ್ತು ಮಾರನೆಯ ದಿನ ಅದೇ ಮಣೆಯ ಮುಂದೆ ಬಗ್ಗುವುದಾದರೆ ಚಿಕಿತ್ಸೆಗೆ ಕೊಟ್ಟ ಹಣ ದಂಡವಷ್ಟೇ. ಸಂಘದ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಯ ಮಣೆಗಳನ್ನು ಬಡಗಿಯಿಂದ ಎತ್ತರಿಸಿ, ಕೂರಲು ಬೆನ್ನಾಸರೆಯ ಗಿಡ್ಡ ಸ್ಟೂಲು ಮಾಡಿಸಿದ್ದೇವೆ. ಕತ್ತಿ ಎದೆಯ ಕೆಳಗಿನ ಮಟ್ಟಕ್ಕೆ ಬಂದರೆ ತಲೆ ಅರ್ಧದಷ್ಟೂ ಬಗ್ಗಬೇಕಾಗಿಲ್ಲ. ಮೊದಲು ಎರಡು ದಿನ ಕೈ ಒಗ್ಗದೆ ಸುಲಿದದ್ದು ಕಡಿಮೆಯಾಯಿತು, ಗೊಣಗಿದರು. ಹಳೆಯ ಮಣೆಯೇ ಬೇಕೆಂದು ಹಟ ಹಿಡಿದ ಇಬ್ಬರಿಗೆ ಹಳೆಯದನ್ನೇ ಕೊಟ್ಟಿದ್ದೇವೆ.

ದೋಟಿಯವರದು ಬೇರೆ ತಾಪತ್ರಯ. ಮರ ಹತ್ತುವ ಕೊನೆಗಾರರು ಸಿಗದೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಇಳಿಸುತ್ತೇವೆ, ಬೋರ್ಡೋ ಹೊಡೆಯುತ್ತೇವೆ. ಬಿದ್ದು ಸಾಯುವ ಭಯ ತಪ್ಪಿತು, ನಿಜ. ಆದರೆ ದಿನವಿಡೀ ಅರವತ್ತಡಿ ಮೇಲೆ ನೋಡುತ್ತಾ ಕತ್ತು ಹಿಂದಕ್ಕೆ ಮುರಿದಂತಿರುತ್ತದೆ. ಇಬ್ಬರನ್ನು ಜೋಡಿ ಮಾಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬ ದೋಟಿ, ಒಬ್ಬ ಹಗ್ಗ ಎಂದು ಅದಲುಬದಲು ಮಾಡಿಸಿದರೆ ಕೆಲಸ ಕೆಡುವುದಿಲ್ಲ. ಮೂಟೆಯನ್ನು ತಲೆಯ ಮೇಲೆ ಹೊರಿಸಿ ಕಣಕ್ಕೆ ತರಿಸುವ ಸದಸ್ಯರು ಒಂದು ಕೈಗಾಡಿಯ ಖರ್ಚನ್ನು ಯೋಚಿಸಬೇಕೆಂದು ವಿನಂತಿ.

ಕಛೇರಿಯ ವಿಷಯ ಹೇಳುವುದಾದರೆ, ಹಳೆಯ ಕಾಲದ ಗುಮಾಸ್ತರು ಬಳಸುತ್ತಿದ್ದ ಇಳಿಜಾರು ಮೇಲ್ಮೈಯ ಡೆಸ್ಕೊಂದು ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿತ್ತು. ಅದನ್ನು ಇಳಿಸಿ ಒರೆಸಿ ಖಾತೆ ಪುಸ್ತಕವನ್ನು ಅದರ ಮೇಲಿಟ್ಟು ಬರೆಯುತ್ತಿದ್ದೇವೆ. ಗಣಕಯಂತ್ರದ ಪರದೆಯ ಕೆಳಗೆ ಹಳೆಯ ವಾರ್ಷಿಕ ವರದಿಗಳನ್ನು ಪೇರಿಸಿ ಕಣ್ಣಿನ ಮಟ್ಟಕ್ಕೆ ತಂದಿದ್ದೇವೆ. ಆ ವರದಿಗಳು ಅಂತೂ ಒಂದು ಉಪಯೋಗಕ್ಕೆ ಬಂದವು ಎಂದು ನಮ್ಮ ಅಧ್ಯಕ್ಷರು ತಮಾಷೆ ಮಾಡಿದರು.

ಈ ಡಿಸೆಂಬರಿನಿಂದ ಕುಯಿಲಿನ ಆಳುಗಳು ಲೈನ್ ಮನೆಗೆ ಬಂದ ಮೊದಲ ಸಂಜೆಯೇ ಪ್ರತಿಯೊಬ್ಬರ ಮುಷ್ಟಿಯನ್ನು ಹತ್ತು ಸೆಕೆಂಡು ಮುಚ್ಚಿ ತೆರೆಸಿ ನೋಡಬೇಕೆಂದು ನಮ್ಮ ರೈಟರಿಗೆ ಹೇಳಿದ್ದೇವೆ. ಇಪ್ಪತ್ತಕ್ಕಿಂತ ಕಡಿಮೆಯಾದವರನ್ನು ಕೂಲಿ ಕಡಿತವಿಲ್ಲದೆ ಆಸ್ಪತ್ರೆಗೆ ಕಳಿಸುವ ಖರ್ಚು ತೋಟದ್ದು. ಕುಯ್ದ ಹಣ್ಣಿನ ತೂಕ ಇದ್ದಕ್ಕಿದ್ದಂತೆ ಇಳಿದವರ ಹೆಸರಿನ ಮುಂದೆ ಗುರುತು ಹಾಕಿ ನಮಗೆ ತೋರಿಸಬೇಕೆಂದೂ ಹೇಳಿದ್ದೇವೆ.

ಸಿರುಗುಪ್ಪದಿಂದ ಈ ಸಲ ಸೊಸೆ ಬಂದಿದ್ದಾಳೆ. ಅತ್ತೆ ಮೊನ್ನೆ ಫೋನು ಮಾಡಿ, ಹೊಲದ ಕೆಲಸಕ್ಕೆ ಹೋಗದಿರುವುದರಿಂದ ಮನೆಯಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೇನೆ, ಕಟ್ಟೆಯ ಮೇಲೆ ಮೊರವಿಟ್ಟುಕೊಂಡು ನೆಟ್ಟಗೆ ಕೂತೇ ಬಿಡಿಸುತ್ತೇನೆ ಎಂದಳು. ಆಮೇಲೆ, "ನಮ್ಮ ಹುಡುಗಿ ಎಷ್ಟ್ ಕಿಲೋ ಕೊಯ್ತಾಳ್ರಿ ಧಣೇರ?" ಎಂದು ಕೇಳಿದಳು. ಪುಸ್ತಕ ನೋಡಿ ಹೇಳಿದೆವು.